ಟೀಚರ್ ಕಳಿಸಿದ ದಾರಿ

ಒಂದನೇ ಕ್ಲಾಸಿನ ಟೀಚರ್ ಪ್ರತಿ ಶುಕ್ರವಾರ ಪೋಷಕರ ವಾಟ್ಸಾಪ್ ಗ್ರೂಪಿಗೆ ಕಳಿಸುವ ಫೋಟೋಗಳಲ್ಲಿ ನನ್ನ ಮಗಳಿಗೆ ಮುಖವೇ ಇರುವುದಿಲ್ಲ. ಮುಖದ ಜಾಗದಲ್ಲಿ ಒಂದು ಸೂರ್ಯಕಾಂತಿ ಹೂವು ಇರುತ್ತದೆ. ಉಳಿದ ಮಕ್ಕಳು ಹಲ್ಲು ಕಿರಿಯುತ್ತ ಮಣಿ ಪೋಣಿಸುತ್ತಿದ್ದರೆ, ನನ್ನ ಸೂರ್ಯಕಾಂತಿಯೂ ಪಕ್ಕದಲ್ಲಿ ಕೂತು ಮಣಿ ಪೋಣಿಸುತ್ತಿರುತ್ತದೆ. ಇವಳ ಮುಖ ಎಲ್ಲೂ ಬರಬಾರದು ಎಂದು ಶಾಲೆಗೆ ಸೇರಿಸಿದ ದಿನವೇ ಟೀಚರ್ ಹತ್ತಿರ ಬೇಡಿಕೊಂಡಿದ್ದೆ, ಕಾಲು ಹಿಡಿಯುವುದೊಂದೇ ಬಾಕಿ. ಆಕೆ ಯಾಕೆಂದು ಕೇಳಲಿಲ್ಲ. ನನ್ನ ಸೊಟ್ಟಗಾದ ಮಣಿಕಟ್ಟನ್ನು ನೋಡಿ ಆಗಲಿ ಎಂದರು.

ಅದನ್ನು ಮುರಿದವನು ಮಗಳ ಅಪ್ಪ. ಅವನನ್ನು ಬಿಟ್ಟು ಬಂದ ಮೇಲೆ ಇದು ನಮಗೆ ಎರಡನೇ ಊರು. ಮೊದಲನೇ ಊರಿನಲ್ಲಿ ಯಾರೋ ಪುಣ್ಯಾತ್ಗಿತ್ತಿ ಶಾಲೆಯ ವಾರ್ಷಿಕೋತ್ಸವದ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದಳು. ಅದು ಅವರಿವರ ಫೋನು ಸುತ್ತಿ ಅವನಿಗೆ ಮುಟ್ಟಿತು, ಅವನು ನಮ್ಮ ಬಾಗಿಲಿಗೆ ಬಂದ. ಮಗಳು ಆಗ ಒಳಗೆ ಮಲಗಿದ್ದಳು, ಏನನ್ನೂ ನೋಡಲಿಲ್ಲ. ಅವಳ ಪಾಲಿಗೆ ಅಪ್ಪ ಎಂದರೆ ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವವನು. ಕೇಳಿದಾಗಲೆಲ್ಲ ಕೆಲಸದ ಮೇಲೆ ದೂರ ಹೋಗಿದ್ದಾರೆ ಎನ್ನುತ್ತೇನೆ. ಅಷ್ಟು ಸಣ್ಣ ಮಗುವಿಗೆ ಇನ್ನೇನು ಹೇಳಲಿ?

ನಾನು ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ. ಶುಕ್ರವಾರ ಮಧ್ಯಾಹ್ನ ನನ್ನ ಫೋನ್ ಸದ್ದಾದರೆ ಅಂಗಡಿಯ ಯಜಮಾನರು ಕತ್ತರಿ ಕೆಳಗಿಡದೆಯೇ ಚುಡಾಯಿಸುತ್ತಾರೆ. ಆ ದಿನವೂ ಅಷ್ಟೆ.

“ಏನಮ್ಮಾ, ನಿಮ್ಮ ಹೂವು ಅರಳ್ತಾ?”

“ಇರಿ ಸಾರ್, ನೋಡೋಣ” ಎಂದು ನಗುತ್ತಲೇ ತೆರೆದೆ.

ಹೂವು ಇರಲಿಲ್ಲ. ಆ ವಾರದ ಪಾಠ ‘ನಮ್ಮ ಮನೆಯ ದಾರಿ’. ಮಕ್ಕಳು ಬಿಡಿಸಿದ ಚಿತ್ರಗಳನ್ನು ಗೋಡೆಗೆ ಅಂಟಿಸಿದ್ದರು. ಅದರಲ್ಲಿ ಒಂದನ್ನು ಮಾತ್ರ ಹತ್ತಿರದಿಂದ ತೆಗೆದು ಬೇರೆಯಾಗಿ ಹಾಕಿದ್ದರು. ಊರ ಹೆಸರಿನ ಬೋರ್ಡಿದ್ದ ಶಾಲೆಯ ಗೇಟು, ಔಷಧಿ ಅಂಗಡಿ, ಸೈಕಲ್ ರಿಪೇರಿಯವನು, ಅವನ ಪಕ್ಕದ ಓಣಿ, ಒಡೆದ ನೀರಿನ ತೊಟ್ಟಿ, ಹೊರಗಿನ ಮೆಟ್ಟಿಲು, ಮೇಲೆ ನೀಲಿ ಬಾಗಿಲು. ಬಾಗಿಲಲ್ಲಿ ನಾವಿಬ್ಬರೂ ಕೈ ಬೀಸುತ್ತ ನಿಂತಿದ್ದೆವು. ಕೆಳಗೆ ಅವಳ ಪೂರ್ತಿ ಹೆಸರು, ಅಕ್ಷರಕ್ಕೊಂದು ಬಣ್ಣ. ಅದರಡಿ ಟೀಚರ್ ಬರೆದಿದ್ದರು: ‘ಎಷ್ಟು ಚೆನ್ನಾಗಿ ಬಿಡಿಸಿದ್ದಾಳೆ ನೋಡಿ! ಇದನ್ನು ಹಿಡಿದುಕೊಂಡು ಯಾರು ಬೇಕಾದರೂ ಇವರ ಮನೆ ತಲುಪಬಹುದು.’

ಸೂಜಿ ಬೆರಳಿಗೆ ಚುಚ್ಚಿದ್ದೂ ತಿಳಿಯಲಿಲ್ಲ. ಬಿಳಿ ಅಂಗಿಗೆ ರಕ್ತ ಹತ್ತಿದ್ದನ್ನು ಯಜಮಾನರೇ ನೋಡಿದರು. ನನ್ನ ಕಥೆ ಅವರಿಗೆ ಗೊತ್ತಿತ್ತು, ಫೋನಿನ ಕಡೆ ಕಣ್ಣು ಹಾಯಿಸಿ ಬೈಯುವುದನ್ನು ಬಿಟ್ಟರು.

“ಅಂಗಿ ಹಾಳಾಗ್ಲಿ ಬಿಡಿ. ಮೊದ್ಲು ಮಗೂನ ಕರ್ಕೊಂಡು ಬನ್ನಿ.”

ದಾರಿಯುದ್ದಕ್ಕೂ ಟೀಚರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಶಾಲೆ ತಲುಪಿದಾಗ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು, ಟೀಚರ್ ಕ್ಲಾಸಿನಲ್ಲಿ ಬಣ್ಣದ ಕಡ್ಡಿಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಫೋನನ್ನೇ ಅವರ ಮುಖದ ಮುಂದೆ ಹಿಡಿದೆ.

“ಇದ್ರಲ್ಲಿ ಅವ್ಳ ಮುಖ ಇಲ್ವಲ್ಲಮ್ಮಾ…” ಎಂದವರು ಅಲ್ಲಿಗೇ ನಿಂತರು. ಕೈಯಲ್ಲಿದ್ದ ಡಬ್ಬಿ ಜಾರಿತು. “ಅಯ್ಯೋ ದೇವ್ರೇ. ಮುಖ ಒಂದನ್ನೇ ನೋಡ್ಕೊಂಡು ಕೂತಿದ್ನಲ್ಲಾ.”

ಕೂಡಲೇ ಅದನ್ನು ಗ್ರೂಪಿನಿಂದ ಅಳಿಸಿದರು. ಆದರೆ ಅಷ್ಟರಲ್ಲಿ ಒಬ್ಬ ತಾಯಿ ಅದನ್ನು ಸ್ಟೇಟಸ್ಸಿಗೆ ಏರಿಸಿಯಾಗಿತ್ತು. ಸೀನಿದರೂ ಸ್ಟೇಟಸ್ ಹಾಕುವ ಹೆಂಗಸು ಆಕೆ. ಟೀಚರ್ ಫೋನ್ ಮಾಡಿದರೆ ಆ ಕಡೆಯಿಂದ ನಗು ಕೇಳಿಸಿತು.

“ಒಂದು ಚಿತ್ರಕ್ಕೆ ಇಷ್ಟೊಂದು ಗಾಬರೀನಾ ಟೀಚರ್? ತೆಗೀತೀನಿ ಬಿಡಿ. ಮುದ್ದಾಗಿದೆ ಅಂತ ನಮ್ಮ ಕಡೆಯೋರು ಕೇಳಿದ್ರು, ಅವ್ರಿಗೆಲ್ಲ ಕಳ್ಸಿಬಿಟ್ಟೆ.”

ನನಗೆ ಆಕೆಯ ಕುತ್ತಿಗೆ ಹಿಸುಕಬೇಕೆನಿಸಿತು. ಟೀಚರ್ ಫೋನ್ ಇಟ್ಟು ನನ್ನ ಕಡೆ ತಿರುಗಿದರು.

“ಇವತ್ತು ಮನೇಲಿರ್ಬೇಡಿ. ಬಟ್ಟೆ ತಗೊಂಡು ನಮ್ಮನೆಗೆ ಬಂದ್ಬಿಡಿ. ನನ್ನದೇ ತಪ್ಪು. ಎಷ್ಟು ಕಷ್ಟಪಟ್ಟು ಬರೆದ್ಲು ಗೊತ್ತಾ? ಇದು ಎಲ್ಲಾ ಅಪ್ಪಂದಿರಿಗೂ ಹೋಗುತ್ತಾ ಅಂತ ಕೇಳ್ತಾನೇ ಇದ್ಲು. ಹೋಗುತ್ತೆ ಪುಟ್ಟಾ ಅಂದೆ. ಅದಕ್ಕೇ ಅಳಿಸಿ ಅಳಿಸಿ ಮತ್ತೆ ಬರೆದ್ಲು.”

ಆ ಚಿತ್ರ ಯಾರಿಗೆ ಬರೆದದ್ದು ಎಂದು ಆಗ ತಿಳಿಯಿತು.

ಮಗಳ ಕೈ ಹಿಡಿದು ಹೊರಟೆ. ಔಷಧಿ ಅಂಗಡಿ ದಾಟಿದೆವು. ಸೈಕಲ್ ರಿಪೇರಿಯವನ ಹತ್ತಿರ ಯಾರೋ ಬೆನ್ನು ತಿರುಗಿಸಿ ನಿಂತಿದ್ದರೆ ನನ್ನ ಕಾಲು ಅಲ್ಲೇ ಕಚ್ಚಿಕೊಂಡಿತು. ಅವನು ಬರಬೇಕಾದರೆ ಒಂದು ಹಗಲಾದರೂ ಬೇಕು ಎಂದು ಬುದ್ಧಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

“ಅಮ್ಮಾ, ಟೀಚರ್ ನನ್ನ ಚಿತ್ರ ಕಳ್ಸಿದ್ರಾ?”

“ಹೂಂ.”

“ಹಾಗಾದ್ರೆ ಅಪ್ಪಂಗೆ ಸಿಕ್ಕಿರುತ್ತೆ. ಓಣೀಲಿ ನಾಯಿ ಇರತ್ತೆ ಅಂತ ಬರೆಯೋದೇ ಮರ್ತೆ. ಅಪ್ಪಂಗೆ ನಾಯಿ ಅಂದ್ರೆ ಭಯ ಅಲ್ವಾ?”

ಹೌದು ಎಂದೆ.

ತೊಟ್ಟಿ ದಾಟಿ ತಲೆ ಎತ್ತಿದರೆ ನಮ್ಮ ಮೆಟ್ಟಿಲ ಮೇಲೆ ಒಬ್ಬ ಗಂಡಸು. ಹೆಲ್ಮೆಟ್ ತೆಗೆದಿರಲಿಲ್ಲ. ನಮ್ಮ ಬಾಗಿಲನ್ನೇ ತಟ್ಟುತ್ತಿದ್ದ. ಹಿಡಿತ ಬಿಗಿ ಮಾಡುವಷ್ಟರಲ್ಲಿ ಮಗಳ ಕೈ ಜಾರಿತು.

“ಅಪ್ಪಾ!”

ಎರಡೂ ಕೈ ಚಾಚಿಕೊಂಡು ಓಡಿದಳು. ನಾನು ಹಿಂದೆಯೇ ಓಡಿದೆ. ಅವನು ತಿರುಗಿ ಹೆಲ್ಮೆಟ್ ತೆಗೆದ. ನರೆತ ಮೀಸೆಯ ಯಾರೋ ಒಬ್ಬ.

“ಕರೆಂಟ್ ಮೀಟರ್ ನೋಡ್ಬೇಕಿತ್ತಮ್ಮಾ. ಬಾಗ್ಲು ತೆಗೀತೀರಾ?”

ಅವನಲ್ಲ. ಅವನಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಂತೋಷಕ್ಕೆ ನಗು ಬಂತು. ಮೇಲೆ ಮಗಳು ಆ ಅಪರಿಚಿತನನ್ನೇ ನೋಡುತ್ತ ನಿಂತಿದ್ದಳು. ಚಾಚಿದ ಕೈ ಮೆಲ್ಲಗೆ ಇಳಿಯಿತು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಅವಳನ್ನು ಎತ್ತಿಕೊಂಡೆ. “ಅಳ್ಬೇಡ ಕಂದಾ. ಬಟ್ಟೆ ತಗೊಂಡು ಟೀಚರ್ ಮನೆಗೆ ಹೋಗೋಣ.”

ಅವಳು ಕೊಸರಿಕೊಂಡು ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

“ಬೇಡಮ್ಮಾ, ಇಲ್ಲೇ ಇರೋಣ. ನಾನು ಈ ಮನೆ ದಾರೀನೇ ಬರೆದಿದ್ದೀನಿ.”