ನಿಲ್ಲದ ಹಸಿರು

ಅಂಗಿಯ ತುದಿಯಿಂದ ಹೆಂಡತಿಯ ಕನ್ನಡಕ ಒರೆಸುತ್ತಿದ್ದ ಡ್ರೈವರಣ್ಣನ ಕೈ ಹಿಡಿದು ನಾದಿನಿ ತಡೆದಳು.

“ಬೇಡ ಭಾವ. ಕಣ್ಣು ಮುಚ್ಚಿರೋರಿಗೆ ಕನ್ನಡಕ ಯಾಕೆ?”

“ಅದಿಲ್ಲದೆ ಅವಳು ಹೊಸಿಲು ದಾಟಿದ್ದನ್ನ ನಾನು ನೋಡಿಲ್ಲ.”

ನಾದಿನಿ ಕನ್ನಡಕವನ್ನು ತೆಗೆದುಕೊಂಡು ತಾನೇ ಅಕ್ಕನ ಮೂಗಿನ ಮೇಲೆ ಕೂರಿಸಿದಳು.

ಆಯಸ್ಸೆಲ್ಲ ಬಸ್ಸು ಓಡಿಸಿದವನನ್ನು ನಿವೃತ್ತಿಯಾದ ಮೇಲೂ ಎಲ್ಲರೂ ಡ್ರೈವರಣ್ಣ ಎಂದೇ ಕರೆಯುತ್ತಿದ್ದರು. ಹೆಂಡತಿ ರಸಾಯನಶಾಸ್ತ್ರಜ್ಞೆ. ಅವಳ ಪ್ರಯೋಗಾಲಯದವರು ಯಾವುದೋ ತಪ್ಪು ಮಾಡಿದವರ ಹಾಗೆ ಹಜಾರದ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಸ್ಮಶಾನಕ್ಕೆ ಒಯ್ಯುವ ವಾಹನ ಬಂದಾಗಿತ್ತು. ಎತ್ತುವ ಮುಂಚೆ ಗಂಡ ಎರಡು ಮಾತಾಡಬೇಕೆಂದು ಎಲ್ಲರ ಆಸೆ. ಏನು ಹೇಳಬೇಕೆಂದು ನಾದಿನಿಯ ಗಂಡ ಆಗಲೇ ಹೊಸೆದುಕೊಟ್ಟಿದ್ದ. “ಅವರು ಮಾಡಿದ ಅಣು ಇವತ್ತು ಊರೂರಿನ ನೀರನ್ನ ವಿಷದಿಂದ ಕಾಯ್ತಾ ಇದೆ ಅನ್ನಿ. ಅಷ್ಟು ಸಾಕು.”

ಆ ಮಾತನ್ನು ಒಪ್ಪಿಕೊಳ್ಳಲು ಡ್ರೈವರಣ್ಣನಿಗೆ ಆಗಲಿಲ್ಲ. ನಿಜವಾಗಿದ್ದರೆ ಸರಿ. ಇಲ್ಲವೆಂದರೆ? ಅಳತೆ ಕೂದಲೆಳೆಯಷ್ಟು ತಪ್ಪಿದರೂ ಸಿಡಿಮಿಡಿಗೊಳ್ಳುತ್ತಿದ್ದವಳ ಮುಂದೆ, ಅದೂ ಕೊನೆಯ ದಿನ, ಸುಳ್ಳಾಡುವುದು ಹೇಗೆ?

* * *

ಮದುವೆಯ ಹೊಸತರಲ್ಲಿ ಅವಳು ತಾನು ಮಾಡಿದ ಅಣುವಿನ ದ್ರಾವಣವಿದ್ದ ಒಂದು ಪುಟ್ಟ ಬಾಟಲಿ ತೋರಿಸಿದ್ದಳು.

“ನೀರಲ್ಲಿ ಸೀಸದ ವಿಷ ಸೇರಿದ್ರೆ ಇದು ಹಸಿರಾಗಿ ಹೊಳೆಯುತ್ತೆ. ಹೊಳೆಯೋಕೆ ಬೆಳಕು ಬೇಕು, ಆ ಬೆಳಕೇ ಇದನ್ನ ಕೊಲ್ಲುತ್ತೆ. ಬಿಸಿಲಿಗೆ ಇಟ್ರೆ ಸ್ವಲ್ಪ ಹೊತ್ತಿಗೇ ಮಂಕು.”

“ನೆರಳಲ್ಲಿ ಇಡು, ಅದಕ್ಕೇನಂತೆ.”

“ನೀರು ಪರೀಕ್ಷೆ ಮಾಡೋದು ಹೊಳೆ ದಂಡೇಲಿ, ಅಲ್ಲಿ ನೆರಳಿಗೆ ಏನ್ಮಾಡ್ಲಿ? ನಿಮ್ಮ ಬಸ್ಸು ತಂದು ನಿಲ್ಲಿಸ್ತೀರಾ?”

ಅಣು ಒಂದಿಷ್ಟು ತಾಳಿತೆಂದರೆ ಅವಳು ಪ್ರಯೋಗಾಲಯದ ದೀಪದ ಮುಂದೆಯೇ ಬೇರುಬಿಡುತ್ತಿದ್ದಳು. ಮನೆಯಲ್ಲಿ ಅಡುಗೆ ಆರಿ ತಣ್ಣಗಾಗುತ್ತಿತ್ತು. ಬೇಗ ಮಂಕಾದ ದಿನ ಫೋನು. “ಸತ್ತೋಯ್ತು ಕಣ್ರೀ, ಬರ್ತಿದೀನಿ.” ಅಯ್ಯೋ ಪಾಪ ಎನ್ನುತ್ತಲೇ ಅವನು ಚಹಾಕ್ಕೆ ನೀರಿಡುತ್ತಿದ್ದ. ಬಾಯಲ್ಲಿ ಮರುಕ, ಒಳಗೆ ಹೊಟ್ಟೆಗೆ ಹಾಲು ಹೊಯ್ದಂಥ ಸಂತೋಷ. ಮೆಟ್ಟಿಲ ಮೇಲೆ ಕೂತು ಅವಳು ಅಣುವನ್ನು ಬೈಯುವಳು, ಅವನು ಪ್ರಯಾಣಿಕರನ್ನು. ಕತ್ತಲಾದದ್ದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

* * *

ಹಜಾರದಲ್ಲಿ ನಿಂತಿದ್ದ ಅವಳ ಕೊನೆಯ ಶಿಷ್ಯೆಯನ್ನು ಡ್ರೈವರಣ್ಣ ಅಡುಗೆಮನೆಗೆ ಕರೆದ.

“ಮುಚ್ಚುಮರೆ ಬೇಡಮ್ಮ. ಅವಳ ಅಣು ಬಿಸಿಲಲ್ಲಿ ನಿಂತಿತಾ?”

ಶಿಷ್ಯೆ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಮಾಡಿದಳು. “ಇಲ್ಲ ಸರ್. ಮೇಡಂ ಮಾಡಿದ್ದು ಒಂದೂ ಬಿಸಿಲಲ್ಲಿ ನಿಲ್ಲಲಿಲ್ಲ.”

“ಒಂದೂ?”

“ಒಂದೂ. ಆದ್ರೆ ಯಾಕೆ ನಿಲ್ಲಲ್ಲ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಆ ಅಣೂಗೆ ಒಂದು ತೋಳಿದೆ, ಸಡಿಲವಾಗಿ ತಿರುಗುತ್ತೆ. ಬೆಳಕು ಬಿದ್ರೆ ಮುರಿಯೋದು ಅಲ್ಲೇ. ಸತ್ತಿದ್ದನ್ನೆಲ್ಲ ಒಂದೊಂದಾಗಿ ಕೆದಕಿ ಅದನ್ನ ಹಿಡಿದೋರು ಮೇಡಂ. ತೋಳು ಅಲ್ಲಾಡದ ಹಾಗೆ ಬಿಗಿದು ಕಟ್ಟಿದ್ದು ಬೇರೆಯೋರು. ಈಗ ನೀರನ್ನ ಕಾಯ್ತಿರೋದು ಅವರ ಅಣು.”

“ಅವಳಿಗೆ ಗೊತ್ತಾಗಿತ್ತಾ?”

“ಗೊತ್ತಾಗದೆ ಏನು? ಅವತ್ತು ಕುಣಿಯೋದೊಂದು ಬಾಕಿ. ಕಳ್ಳನ್ನ ಹಿಡಿದೋಳು ನಾನು, ಕೋಳ ತೊಡಿಸಿದೋರು ಅವರು ಅಂದ್ರು.”

ಅವನಿಗೆ ಅಳು ಬಂತು, ಜೊತೆಗೆ ನಗುವೂ ಬಂತು. ಮುಖ ತೊಳೆದುಕೊಂಡು ಹಜಾರಕ್ಕೆ ಹೋದ.

“ಇವಳ ಅಣು ನಿಲ್ಲಲಿಲ್ಲ,” ಎಂದ. ನಾದಿನಿಯ ಗಂಡ ತಲೆ ಮೇಲೆ ಕೈಯಿಟ್ಟುಕೊಂಡ. “ಯಾಕೆ ನಿಲ್ಲಲ್ಲ ಅಂತ ಕಂಡುಹಿಡಿದೋಳು ಇವಳು. ಅದನ್ನ ತಿಳ್ಕೊಂಡು ಇನ್ಯಾರೋ ನಿಲ್ಲೋ ಹಾಗೆ ಮಾಡಿದ್ರು. ನಾವು ಕುಡಿಯೋ ನೀರನ್ನ ಕಾಯ್ತಿರೋದು ಅವರ ಅಣು. ಆ ಪುಣ್ಯಾತ್ಮರಿಗೆ ನನ್ನ ನಮಸ್ಕಾರ. ಇನ್ನು ನನ್ನ ಮಾತು. ಒಂದೊಂದು ಸತ್ತಾಗಲೂ ಇವಳು ಬೇಗ ಮನೆಗೆ ಬಂದಳು. ಅಷ್ಟೂ ಸಂಜೆ ನನಗೆ ಸಿಕ್ಕವು. ಮೊದಲನೇದೇ ನಿಂತುಬಿಟ್ಟಿದ್ರೆ ನನಗೆಲ್ಲಿ ಸಿಗ್ತಿತ್ತು ಆ ಭಾಗ್ಯ?”

ಗೋಡೆಯ ಬಳಿ ಯಾರೋ ಮೂಗೊರೆಸಿಕೊಂಡು ನಕ್ಕರು. ಅಲ್ಲಿಯವರೆಗೆ ಅಲುಗಾಡದೆ ನಿಂತಿದ್ದ ಪ್ರಯೋಗಾಲಯದವರು ಮುಂದೆ ಬಂದು ಶವಪೆಟ್ಟಿಗೆಯ ಸುತ್ತ ನೆರೆದರು.

ಎತ್ತುವಾಗ ಪೆಟ್ಟಿಗೆಯ ಮುಂದಿನ ಹಿಡಿಕೆ ಗಂಡನದೆಂದು ಎಲ್ಲರೂ ಜಾಗ ಬಿಟ್ಟರು. ಡ್ರೈವರಣ್ಣ ಶಿಷ್ಯೆಯನ್ನು ಕಣ್ಣಿನಿಂದಲೇ ಕರೆದು ಆ ಹಿಡಿಕೆಯನ್ನು ಅವಳ ಕೈಗೆ ಕೊಟ್ಟ. ತಾನು ಒಂದು ಹೆಜ್ಜೆ ಹಿಂದೆ ಸರಿದು, ಭಾರ ಹೆಚ್ಚಿರುವಲ್ಲಿ ಕೈಯಿಟ್ಟು, “ನಡಿಯಮ್ಮ” ಎಂದ.