ಮುಚ್ಚಿದ ಮಹಡಿ

"ಮೊದ್ಲು ರಕ್ತ ಒರ್ಸೇ, ಬೋಳಿಮಗ್ಳೆ. ಅಳೋದು ಆಮೇಲೆ ಅಳು."

ಧಣಿ ಹಾಗೆಂದು ನೆಲ ಒರೆಸುವ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದ. ನನ್ನ ತಂಗಿ ಇಸ್ತ್ರಿ ರೋಲರಿನ ಬುಡದಲ್ಲಿ ಕುಸಿದು ಕೂತಿದ್ದಳು. ಅವಳ ಬಲಗೈ ಮೊಣಕೈಯಿಂದಾಚೆ ಕೈಯಾಗಿ ಉಳಿದಿರಲಿಲ್ಲ. ಕಾದ ರೋಲರಿಗೆ ಬೆಡ್‌ಶೀಟ್ ಕೊಡುವಾಗ ಬೆರಳು ಸಿಕ್ಕಿತ್ತು, ಬೆರಳಿನ ಹಿಂದೆ ಅಂಗೈ, ಅಂಗೈ ಹಿಂದೆ ತೋಳು. ದೊಡ್ಡಮ್ಮ ಓಡಿಬಂದು ವೈರು ಕೀಳದಿದ್ದರೆ ಭುಜವೂ ಹೋಗುತ್ತಿತ್ತು. ದೊಡ್ಡಮ್ಮ ನಮಗೆ ಬಂಧುವಲ್ಲ. ಈ ಹೋಟೆಲಿನ ಲಾಂಡ್ರಿಗೆ ನಮ್ಮೆಲ್ಲರಿಗಿಂತ ಮೊದಲು ಬಂದವಳು, ಅದಕ್ಕೇ ಹಾಗೆ ಕರೆಯುತ್ತೇವೆ.

ರೋಲರಿನ ಮುಂದೆ ಕೈ ಒಳಗೆ ಹೋಗದಂತೆ ಒಂದು ಕಬ್ಬಿಣದ ಪಟ್ಟಿ ಇತ್ತು. ಅದನ್ನು ಬಿಚ್ಚಿಸಿದವನು ಧಣಿಯೇ. ಕಾಯಿಲೆಯ ಕಾಲ ಮುಗಿದು ಪ್ರವಾಸಿಗಳು ಮುಗಿಬಿದ್ದು ಬರತೊಡಗಿದಾಗ, ಪಟ್ಟಿ ಇದ್ದರೆ ಕೆಲಸ ತಡವಾಗುತ್ತದೆ ಎಂದಿದ್ದ. ಕೈ ಹುಷಾರ್ ಕಣ್ರೇ, ನಿಮ್ದೇ ಅಲ್ವಾ ಎಂದು ನಕ್ಕಿದ್ದ.

"ಆಸ್ಪತ್ರೆಗೆ ಕಳ್ಸಿ ಧಣಿ, ನಿಮ್ ಕಾಲಿಗೆ ಬೀಳ್ತೀನಿ," ಎಂದೆ.

"ಇವತ್ತಾ? ತೆರಿಗೆ ಸಾಹೇಬ ಬರೋ ದಿನ ಬಾಗಿಲಲ್ಲಿ ಆಂಬುಲೆನ್ಸ್ ನಿಂತ್ರೆ ನನ್ ಮರ್ಯಾದೆ ನಿಮ್ಮಪ್ಪ ಕಾಯ್ತಾನಾ? ಅವ್ನು ಹೋಗ್ಲಿ, ನನ್ ಕಾರಲ್ಲೇ ಕಳಿಸ್ತೀನಿ. ಅಲ್ಲೀವರ್ಗೂ ಮೂರನೇ ಮಹಡೀಲಿ ಮಲಗ್ಸು. ಹೇಗೂ ಬೀಗ ಹಾಕ್ತೀವಲ್ಲ."

ಸಂಗತಿ ಇಷ್ಟೆ. ಹೋಟೆಲಿನ ಎಷ್ಟು ಕೋಣೆಗೆ ಜನ ಬಂದು ಇಳಿಯುತ್ತಾರೋ ಅಷ್ಟಕ್ಕೂ ಪುರಸಭೆಗೆ ತೆರಿಗೆ ಸಲ್ಲಬೇಕು. ಪ್ರವಾಸಿಗಳ ಬಿಲ್ಲಿನಲ್ಲಿ ಅದನ್ನು ಧಣಿ ಚೊಕ್ಕವಾಗಿ ಕಿತ್ತುಕೊಳ್ಳುತ್ತಿದ್ದ. ಪುರಸಭೆಗೆ ಮಾತ್ರ, ಮೂರನೇ ಮಹಡಿ ಕಾಯಿಲೆಯ ಕಾಲದಿಂದಲೂ ಮುಚ್ಚಿದೆ ಎಂದು ಬರೆದುಕೊಟ್ಟಿದ್ದ. ಆ ಮುಚ್ಚಿದ ಮಹಡಿಯ ಬೆಡ್‌ಶೀಟುಗಳನ್ನು ನಾವು ದಿನಾ ಒಗೆಯುತ್ತಿದ್ದೆವು. ತಪಾಸಣೆಯ ದಿನ ಅಲ್ಲಿನ ಪ್ರವಾಸಿಗಳನ್ನು ಪುಕ್ಕಟೆ ದೋಣಿವಿಹಾರಕ್ಕೆ ಸಾಗಹಾಕುತ್ತಿದ್ದರು. ಪೆಟ್ಟಿಗೆಗಳೆಲ್ಲ ಬಚ್ಚಲಿಗೆ, ಹಾಸಿಗೆಗಳೆಲ್ಲ ಗೋಡೆಗೆ, ಮೆಟ್ಟಿಲ ತುದಿಯ ಕಬ್ಬಿಣದ ಗೇಟಿಗೆ ಬೀಗ. ಬೀಗ ಬೀಳುವ ಮೊದಲು ನಾವು ಜರಡಿ ಹಿಡಿದು ಸುಣ್ಣದ ಪುಡಿ ಉದುರಿಸುತ್ತ ಹಿಮ್ಮುಖವಾಗಿ ನಡೆದು ಬರಬೇಕು, ಅಲ್ಲಿ ಎಷ್ಟೋ ಕಾಲದಿಂದ ಯಾರೂ ತುಳಿದಿಲ್ಲ ಎಂದು ಕಾಣಬೇಕು. ದಿನವಿಡೀ ಧೂಳು ಹೊಡೆಯುವ ಹೆಂಗಸರ ಕೈಯಲ್ಲೇ ಧೂಳು ಬಿತ್ತಿಸುವ ತಲೆ ಆ ಮನೆಹಾಳನದು.

ತಂಗಿಯನ್ನು ನಾನೂ ದೊಡ್ಡಮ್ಮನೂ ಎತ್ತಿಕೊಂಡು ಹೋಗಿ, ಗೇಟಿನಿಂದ ಕಾಣದ ತಿರುವಿನಲ್ಲಿ, ಬಟ್ಟೆ ಹಾಕುವ ಕೊಳವೆಯ ಪಕ್ಕದ ಕೊಳೆ ಬೆಡ್‌ಶೀಟುಗಳ ರಾಶಿಯ ಮೇಲೆ ಮಲಗಿಸಿದೆವು. ಪ್ರತಿ ಮಹಡಿಯ ಕೊಳೆಬಟ್ಟೆ ಆ ಕೊಳವೆಯಲ್ಲಿ ಜಾರಿ ಕೆಳಗೆ ಲಾಂಡ್ರಿಗೆ ಬೀಳುತ್ತದೆ. ನಾವು ಅದಕ್ಕೆ ಗಂಟಲು ಎನ್ನುತ್ತೇವೆ. ತೋಳಿಗೆ ಬಿಗಿಯಾಗಿ ಬಟ್ಟೆ ಕಟ್ಟಿದೆ. ಕಟ್ಟುತ್ತಿರುವಾಗಲೇ ಅದು ತೊಯ್ದು ಕೆಂಪಾಯಿತು.

"ನೋಡಕ್ಕ, ಧಣಿ ಖರ್ಚಲ್ಲಿ ಮಹಡಿ ಮೇಲೆ ಮಲಗಿದೀನಿ. ನಾನೂ ಟೂರಿಸ್ಟು," ಎಂದಳು. ತುಟಿ ಬಿಳಿಚಿಹೋಗಿತ್ತು.

"ಸುಮ್ನಿರೇ ಮಾತಿನ ಮಲ್ಲಿ. ತಡೀಲಿಲ್ಲ ಅಂದ್ರೆ ಗಂಟಲಿಗೆ ಒಂದು ಬೆಡ್‌ಶೀಟ್ ಹಾಕು, ನಾನು ಕೆಳಗೇ ಇರ್ತೀನಿ."

"ಒಂದು ಗಂಟು ಹಾಕಿ ಬಿಡ್ಲಾ?"

ಆ ಗಂಟಿನ ರೂಢಿ ಕಾಯಿಲೆಯ ಕಾಲದ್ದು. ಆಗ ಈ ಹೋಟೆಲನ್ನೇ ರೋಗಿಗಳಿಗೆ ಕೊಟ್ಟಿದ್ದರು, ಬಾಡಿಗೆ ಧಣಿಗೆ, ಬಟ್ಟೆ ನಮಗೆ. ರೋಗಿ ಮಲಗಿದ್ದ ಬೆಡ್‌ಶೀಟಿಗೆ ಒಂದು ಗಂಟು ಹಾಕಿ ಕೆಳಗೆ ಬಿಡುತ್ತಿದ್ದರು, ಸತ್ತವರದಕ್ಕೆ ಎರಡು. ಎರಡು ಗಂಟಿನದನ್ನು ಕೈಯಲ್ಲಿ ಮುಟ್ಟದೆ ಕೋಲಿನಿಂದ ಕುದಿಯುವ ಹಂಡೆಗೆ ತಳ್ಳುತ್ತಿದ್ದೆವು. ನಮ್ಮಮ್ಮನೂ ಇದೇ ಲಾಂಡ್ರಿಯವಳು. ಅವಳ ಬೆಡ್‌ಶೀಟಿಗೆ ಎರಡನೇ ಗಂಟು ಹಾಕಿದ್ದು ತಂಗಿಯೇ.

ಧಣಿ ಮೆಟ್ಟಿಲ ಮೇಲಿಂದ ಕೂಗಿದ. ನಾನು ಜರಡಿ ಎತ್ತಿಕೊಂಡೆ. ಬೇರೆ ಏನು ಮಾಡಲಿ, ಕಾರು ಅವನದು. ತಂಗಿಯ ಕಾಲಿನ ಬಳಿಯಿಂದ ಪುಡಿ ಉದುರಿಸುತ್ತ ಹಿಂದೆ ಹಿಂದೆ ಬಂದೆ. ಅವಳು ಎಡಗೈ ಎತ್ತಿ ಟಾಟಾ ಮಾಡಿದಳು.

ಕೆಳಗೆ ದೊಡ್ಡಮ್ಮನ ಜೊತೆ ಹಿಂಡುವುದಕ್ಕೆ ನಿಂತೆ. ನೀರು ಹಿಂಡುವ ಯಂತ್ರ ಕೆಟ್ಟು ಯಾವ ಕಾಲವಾಯಿತೋ, ರಿಪೇರಿ ಮಾಡಿಸಿರಲಿಲ್ಲ. ಎದುರುಬದುರು ನಿಂತು, ಬೆಡ್‌ಶೀಟಿನ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಇಬ್ಬರೂ ಅವರವರ ಬಲಕ್ಕೆ ತಿರುವಬೇಕು. ಒಬ್ಬರು ತಪ್ಪಿದರೂ ಬಟ್ಟೆ ಸುಮ್ಮನೆ ಸುತ್ತುತ್ತದೆ, ನೀರು ಬಿಡುವುದಿಲ್ಲ. ದಿನಾ ಎದುರಿಗೆ ನಿಲ್ಲುತ್ತಿದ್ದವಳು ತಂಗಿ. ನನ್ನ ಕೈ ತಪ್ಪುತ್ತಲೇ ಇತ್ತು.

ಗಂಟಲಿನಲ್ಲಿ ಸರಸರ ಸದ್ದಾಯಿತು. ಬಿದ್ದ ಬೆಡ್‌ಶೀಟಿಗೆ ಒಂದು ಗಂಟು.

ಹೇಗೆ ಮೆಟ್ಟಿಲು ಹತ್ತಿದೆನೋ ತಿಳಿಯದು. ಗೇಟಿನ ಮುಂದೆ ಧಣಿಯೂ ತೆರಿಗೆ ಸಾಹೇಬನೂ ನಿಂತಿದ್ದರು. ಸಾಹೇಬ ಕಂಬಿಯೊಳಗೆ ಬೆರಳು ತೂರಿಸಿ, ಪುಡಿ ಮುಟ್ಟಿ ನೋಡಿ, "ಪಾಪ, ಇನ್ನೂ ತೆರೆಯೋಕೆ ಆಗ್ಲಿಲ್ವಾ," ಎಂದ. ಅಷ್ಟರಲ್ಲಿ ಒಳಗಿನಿಂದ ಧಪ್ ಎಂದು ಏನೋ ಬಡಿದಂತಾಯಿತು, ಹಿಂದೆಯೇ ನರಳುವ ದನಿ.

"ಏನ್ರೀ ಅದು?"

"ಪಾರಿವಾಳ ಸಾರ್. ಗೂಡು ಕಟ್ಕೊಂಡಿವೆ."

"ಪಾರಿವಾಳ ಅಲ್ಲ ಸಾಹೇಬ್ರೆ," ಎಂದೆ. "ನನ್ ತಂಗಿ. ಕೈ ಜಜ್ಜಿಹೋಗಿದೆ, ಸಾಯ್ತಾಳೆ, ಬೀಗ ತೆಗೆಸಿ."

ಸಾಹೇಬ ನನ್ನನ್ನು ನೋಡಿದ, ಧಣಿಯನ್ನು ನೋಡಿದ, ಬೆರಳಿಗಂಟಿದ ಪುಡಿಯನ್ನು ಕರವಸ್ತ್ರದಿಂದ ಒರೆಸಿಕೊಂಡ. "ನಿಮ್ಮ ಆಳುಗಳ ವಿಷ್ಯ ನೀವು ನೋಡ್ಕೊಳ್ಳಿ. ನಾನು ಬಂದಿರೋದು ಕೋಣೆ ಎಣಿಸೋಕೆ. ಕೆಳಗೆ ನಿಮ್ ಸನ್ಮಾನಕ್ಕೆ ಜನ ಕಾಯ್ತಿದಾರೆ," ಎಂದು ಇಳಿದುಹೋದ.

ಅವನ ಬೂಟಿನ ಸದ್ದು ತಗ್ಗುವ ತನಕ ಧಣಿ ಕಾದ. ಆಮೇಲೆ ನನ್ನ ಜಡೆಗೆ ಕೈ ಹಾಕಿ ಮುಖವನ್ನು ಗೇಟಿನ ಕಂಬಿಗೆ ಬಡಿದ. ಒಂದು ಹಲ್ಲು ನಾಲಿಗೆಯ ಮೇಲೆ ಬಂತು. ಬಿದ್ದವಳ ಹೊಟ್ಟೆಗೆ ಒದ್ದ, ಎದ್ದವಳ ಬೆನ್ನಿಗೆ ಒದ್ದ.

"ಉಂಡ ಮನೆ ಗಳ ಎಣಿಸ್ತೀಯೇನೇ ಸೂಳೆಮುಂಡೆ. ಇನ್ನೊಂದ್ ಮಾತು ಬಂದ್ರೆ ಈ ಬೀಗ ನಾಳೇನೂ ತೆಗೆಯಲ್ಲ. ನಿನ್ ತಂಗೀನ ಒಳಗೇ ಕೊಳೆಸ್ತೀನಿ."

ಬೀಗದ ಕೈ ಅವನ ಜೇಬಿನಲ್ಲಿತ್ತು. ಹಲ್ಲನ್ನು ಉಗುಳಿ ಕೆಳಗಿಳಿದೆ.

ಲಾಂಡ್ರಿಯಲ್ಲಿ ದೊಡ್ಡಮ್ಮ ನನ್ನ ಬಾಯಿ ತೊಳೆಯುತ್ತಿದ್ದಳು. ಸಭಾಂಗಣದ ಮೈಕಿನಲ್ಲಿ ಸಾಹೇಬನ ಭಾಷಣ ಗೋಡೆ ದಾಟಿ ಕೇಳುತ್ತಿತ್ತು. ಊರಿನ ಪ್ರವಾಸೋದ್ಯಮ ಚೇತರಿಸಿಕೊಂಡಿದೆಯಂತೆ. ಹೋಟೆಲ್ ತೆರಿಗೆ ಕಾಯಿಲೆಯ ಹಿಂದಿನ ಕಾಲಕ್ಕಿಂತ ಹೆಚ್ಚು ಬಂದಿದೆಯಂತೆ. ಇಂಥ ಪ್ರಾಮಾಣಿಕ ಧಣಿಗಳಿಂದಲೇ ಊರು ಉಸಿರಾಡುತ್ತಿದೆಯಂತೆ. ಚಪ್ಪಾಳೆ ಬಿತ್ತು.

ಚಪ್ಪಾಳೆಯ ನಡುವೆ ಗಂಟಲಿನಿಂದ ಇನ್ನೊಂದು ಬೆಡ್‌ಶೀಟ್ ಬಂತು. ಎರಡು ಗಂಟು.

ಕೈ ರೂಢಿ ಎಷ್ಟು ಕೆಟ್ಟದು ನೋಡಿ. ದೊಡ್ಡಮ್ಮ ತಟಕ್ಕನೆ ಕೋಲು ತಗೊಂಡು ಅದನ್ನು ಹಂಡೆಯ ಕಡೆ ತಳ್ಳಿದಳು. ಅರ್ಧ ತೊಯ್ದ ಮೇಲೆ ನಿಂತಳು, ಕೋಲು ಬಿಸಾಕಿ ಅದನ್ನು ಎದೆಗೆ ಅವಚಿಕೊಂಡಳು. ಗಂಟುಗಳ ಮೇಲೆ ಹಲ್ಲಿನ ಗುರುತಿತ್ತು. ಒಂದು ಕೈಯವಳು ಬಾಯಲ್ಲಿ ಕಚ್ಚಿ ಎಳೆದು ಹಾಕಿದ ಗಂಟುಗಳು.

"ಸತ್ತೋರು ಗಂಟು ಹಾಕಲ್ಲ ದೊಡ್ಡಮ್ಮ," ಎಂದೆ. "ಬದುಕವ್ಳೆ, ನಡಿ."

ಬಾಯ್ಲರಿನ ಹಾರೆಯಿಂದ ಬೀಗ ಒಡೆದೆವು. ಗಂಟಲಿನ ಬಾಯಿಗೆ ತಲೆ ಆನಿಸಿ ಕೂತಿದ್ದಳು. ಅವಳು ತೆವಳಿದಲ್ಲೆಲ್ಲ ಸುಣ್ಣದ ಪುಡಿ ರಕ್ತದಲ್ಲಿ ಕಲಸಿಹೋಗಿತ್ತು. ಹಲ್ಲಿನ ಸಂದಿಯಲ್ಲಿ ಬಿಳಿ ನೂಲು. ಮೈ ಇನ್ನೂ ಬೆಚ್ಚಗಿತ್ತು, ಉಸಿರು ಇರಲಿಲ್ಲ. ಅಮ್ಮನಿಗೆ ಎರಡನೇ ಗಂಟು ಅವಳು ಹಾಕಿದಳು. ಅವಳಿಗೆ ಹಾಕುವವರು ಹತ್ತಿರ ಇರಲಿಲ್ಲ, ತಾನೇ ಹಾಕಿಕೊಂಡಳು.

ಅಳು ಬರಲಿಲ್ಲ.

ಇಬ್ಬರೂ ಅವಳನ್ನು ಹೊತ್ತು ಮುಂಬಾಗಿಲ ಮೆಟ್ಟಿಲಿನಲ್ಲೇ ಇಳಿದೆವು. ಆ ಮೆಟ್ಟಿಲು ತುಳಿಯುವ ಹಕ್ಕು ನಮಗಿರಲಿಲ್ಲ. ಸಭಾಂಗಣದಲ್ಲಿ ಊರಿನ ಹೋಟೆಲ್ ಮಾಲೀಕರೆಲ್ಲ ಊಟಕ್ಕೆ ಕೂತಿದ್ದರು. ಸಾಹೇಬ ಧಣಿಯ ಕೈಗೆ ಗಾಜಿನ ಫಲಕ ಕೊಡುತ್ತಿದ್ದ. ನಾನೇ ಒಗೆದು ಹಾಸಿದ್ದ ಬಿಳಿ ಬಟ್ಟೆಯ ಮೇಲೆ, ತಟ್ಟೆಗಳ ನಡುವೆ, ತಂಗಿಯನ್ನು ಮಲಗಿಸಿದೆವು.

"ಮೂರನೇ ಮಹಡೀಲಿ ಇಳ್ಕೊಂಡಿದ್ಳು ಸಾಹೇಬ್ರೆ," ಎಂದೆ. "ಇವಳ್ನೂ ಎಣಿಸ್ಕೊಳ್ಳಿ."

ಧಣಿ ನೆಗೆದು ಬಂದು ಗಾಜಿನ ಫಲಕದಿಂದಲೇ ದೊಡ್ಡಮ್ಮನ ತಲೆಗೆ ಹೊಡೆದ. ಫಲಕ ಒಡೆಯಿತು, ಅವಳ ಹಣೆಯೂ ಒಡೆಯಿತು. ಅವಳು ಬಿದ್ದಳು. ಅವಳು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ ಎರಡು ಗಂಟಿನ ಬೆಡ್‌ಶೀಟ್ ನನ್ನ ಕಾಲ ಬಳಿ ಬಿತ್ತು.

ಧಣಿ ಬಗ್ಗಿ ಅವಳನ್ನು ಒದೆಯುತ್ತಿದ್ದ. ಬೆನ್ನು ನನ್ನ ಕಡೆಗಿತ್ತು. ಒದ್ದೆ ಬಟ್ಟೆಯನ್ನು ಅವನ ಕತ್ತಿಗೆ ಒಂದು ಸುತ್ತು ಹಾಕಿದೆ, ಒಂದು ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡೆ, ಕಾಲನ್ನು ಮೇಜಿಗೆ ಒತ್ತಿ ಎಳೆದೆ. ಅವನು ಮಂಡಿಯೂರಿದ. ಆದರೆ ಹಿಂಡುವುದು ಒಬ್ಬರಿಂದ ಆಗುವ ಕೆಲಸವಲ್ಲ. ಅವನ ಉಗುರು ನನ್ನ ಕೈ ಸಿಗಿಯುತ್ತಿತ್ತು, ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು.

ತೆರಿಗೆ ಸಾಹೇಬ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನಾನು ಏನೂ ನೋಡಿಲ್ಲಪ್ಪ," ಎನ್ನುತ್ತ ಬಾಗಿಲ ಕಡೆ ನಡೆದ. ಉಳಿದವರು ಅವನ ಹಿಂದೆ ನೂಕಿಕೊಂಡು ಹೋದರು.

ದೊಡ್ಡಮ್ಮ ಗಾಜಿನ ಚೂರುಗಳ ಮೇಲೆ ಕೈಯೂರಿ ಎದ್ದಳು. ಕಣ್ಣಿಗೆ ಇಳಿಯುತ್ತಿದ್ದ ರಕ್ತವನ್ನು ಸೆರಗಿನಿಂದ ಒರೆಸಿಕೊಂಡಳು. ಬಗ್ಗಿ, ನೆಲದ ಮೇಲಿದ್ದ ತುದಿಯನ್ನು ಎತ್ತಿ, ದಿನಾ ಸುತ್ತುವಂತೆಯೇ ಮಣಿಕಟ್ಟಿಗೆ ಸುತ್ತಿಕೊಂಡು ನನ್ನೆದುರು ನಿಂತಳು.

"ಬಲಕ್ಕೆ ತಾನೇ ಮಗಾ?"

"ಬಲಕ್ಕೇ ದೊಡ್ಡಮ್ಮ."