ಪುಟ್ಟಿನ ಹದದ ಮಣ್ಣು

“ನಾನು ಕಲೆಸಿಟ್ಟ ಮಣ್ಣಲ್ಲಿ ಒಂದಿನ ಬಿಳಿ ದೊರೆ ತನ್ನ ಊರುಗೋಲು ನೆಟ್ಟು, ಟೀ ಕುಡಿಯಕ್ಕೆ ಬಂಗಲೆಗೆ ಹೋದ್ರು. ಕುಡಿದು ಬರೋ ಹೊತ್ತಿಗೆ ಕೋಲು ಚಿಗುರಿತ್ತು. ಎಲೆ ಬಿಟ್ಟ ಕೋಲು ಹಿಡ್ಕಂಡು ಹ್ಯಾಂಗೆ ತಿರುಗೋದು ಅಂತ ನಾಚಿಕೆ ಆಗಿ, ಪಾಪ, ಕುಂಟ್ಕಂಡೇ ಹೋದ್ರು.”

ಇಷ್ಟು ಹೇಳಿ ದ್ಯಾವಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು. ಮೂಡಿಗೆರೆ ಸಂತೆಗೆ ಬಂದವಳು ಒಣಮೀನು ಕಟ್ಟಿಸಿಕೊಂಡು ತನ್ನ ಪಾಡಿಗೆ ಹೋಗಬಹುದಿತ್ತು. ಅಂಗಡಿಯ ಹಿಂದಿನ ಜಗಲಿಯಿಂದ ಯಾರೋ ಮೂಗು ಸೀಟುವ ಸದ್ದು ಕೇಳಿಸಿತು. ಬೇರೆಯವರ ಮನೆಯಲ್ಲಿ ಮೂಗಿನ ಸದ್ದು ಕೇಳಿದರೆ ಸುಮ್ಮನೆ ಹೋಗುವ ಜಾತಿಯವಳಲ್ಲ ದ್ಯಾವಮ್ಮ. ಒಳಗೇ ಬಂದು ಕೂತಿದ್ದಳು.

ಅಳುತ್ತಿದ್ದವಳು ಆಯಿಷಾ, ಒಣಮೀನು ವ್ಯಾಪಾರಿ ಮೊಹಿದ್ದೀನನ ಹೊಸ ಹೆಂಡತಿ. ಅವಳ ಮುಂದೆ ಒಂದು ಸೀಮೆಎಣ್ಣೆ ಡಬ್ಬ. ಡಬ್ಬದ ತುಂಬ ಕಪ್ಪು ರಾಡಿ. ರಾಡಿಯ ನಡುವೆ ಸುಟ್ಟ ಬೆಂಕಿಕಡ್ಡಿಯಂಥದೊಂದು ಕಡ್ಡಿ.

“ನಿಜವಾ ಅಜ್ಜಿ?” ಆಯಿಷಾ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅರ್ಧ ಸುಳ್ಳು. ಯಾವ ಅರ್ಧ ಅಂತ ಆಮೇಲೆ ಹೇಳ್ತೀನಿ. ಮೊದ್ಲು ನೀನು ಹೇಳು, ಇದೆಂಥದು, ಗಿಡವಾ, ಗಿಡದ ಗೋರಿಯಾ?”

ಆಯಿಷಾ ಹೇಳಿದಳು. ಘಟ್ಟದ ಕೆಳಗಿನ ಅವಳ ತವರಿನಲ್ಲಿ ಬಾವಿಕಟ್ಟೆಗೆ ಒತ್ತಿ ಒಂದು ಮಲ್ಲಿಗೆ ಗಿಡವಿತ್ತು. ಮದುವೆಯ ದಿನ ಅವಳ ತಲೆ ತುಂಬ ಅದರದೇ ಹೂ. ಈಗ ಅಣ್ಣ ಮನೆ ದೊಡ್ಡದು ಮಾಡಲು ಹೊರಟು ಗಿಡವನ್ನು ಬುಡಸಮೇತ ಕೀಳಿಸಿದ್ದ. ಕೀಳುವ ಮುಂಚೆ ಉಮ್ಮ, ಅವಳ ತಾಯಿ, ಮೂರು ಕಡ್ಡಿ ಕತ್ತರಿಸಿ, ಬಾಳೆದಿಂಡಿಗೆ ಚುಚ್ಚಿ, ಮೀನಿನ ಗಾಡಿಯವನ ಕೈಲಿ ಕಳಿಸಿಕೊಟ್ಟಿದ್ದರು. ಒಂದು ಕಡ್ಡಿ ಇದೇ ಡಬ್ಬದಲ್ಲಿ ಹೋಯಿತು. ಎರಡನೆಯದು ಇವತ್ತು ಬೆಳಿಗ್ಗೆ ಹೋಯಿತು. ಇನ್ನೊಂದು ಮೂಲೆಯ ಬಾಳೆದಿಂಡಿನಲ್ಲಿ ಚುಚ್ಚಿಕೊಂಡು ಕೂತಿದೆ. ಅದೂ ಹೋದರೆ ಆ ಮಲ್ಲಿಗೆ ಭೂಮಿಯ ಮೇಲೆಯೇ ಇಲ್ಲ.

“ನನ್ನ ಗಂಡ ಸತ್ತಾಗ ನಾನು ಇಷ್ಟು ಅತ್ತಿರ್ಲಿಲ್ಲ ಮಾರಾಯ್ತಿ,” ಎಂದಳು ದ್ಯಾವಮ್ಮ. “ಆದ್ರೆ ಅವನು ಬರೀ ಗಂಡ, ಇದು ಮಲ್ಲಿಗೆ. ಇರ್ಲಿ, ಡಬ್ಬದಲ್ಲಿ ಎಂಥ ತುಂಬಿದ್ದಿ?”

ಆಯಿಷಾಳಿಗೆ ಸ್ವಲ್ಪ ಹೆಮ್ಮೆಯೇ ಬಂತು. ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದೆ ಸಿಪ್ಪೆ ಗುಡ್ಡದ ಹಾಗೆ ಬಿದ್ದಿರುತ್ತದೆ. ಗಂಡ ಲೆಕ್ಕ ಬರೆಯುವ ಎಸ್ಟೇಟ್ ರೈಟರನ್ನು ಕೇಳಿ ಅದರದೊಂದು ಮೂಟೆ ತಂದುಕೊಟ್ಟಿದ್ದ. ತೋಟದವರು ಅದನ್ನು ಗೊಬ್ಬರ ಎನ್ನುವುದನ್ನು ಅವಳು ಕೇಳಿದ್ದಳು. ಗೊಬ್ಬರ ಒಳ್ಳೆಯದಾದರೆ ಅದರ ನಡುವೆ ಮಣ್ಣು ಯಾಕೆ ಎಂದು ಬರೀ ಸಿಪ್ಪೆಯನ್ನೇ ಒತ್ತಿ ಒತ್ತಿ ತುಂಬಿದ್ದಳು. ದಿನಾ ಚೊಂಬುಗಟ್ಟಲೆ ನೀರು ಬೇರೆ.

ದ್ಯಾವಮ್ಮ ರಾಡಿಯೊಳಗೆ ಬೆರಳಿಟ್ಟು ಫಕ್ಕನೆ ತೆಗೆದಳು. ಒಳಗೆ ಬೆಚ್ಚಗಿತ್ತು. ಬೆರಳು ಮೂಸಿದಳು. ಮುಖ ಎಷ್ಟು ಕಿವುಚಿಕೊಂಡಿತೆಂದರೆ ಮೂಗು ಎಲ್ಲಿದೆ ಎಂದು ಹುಡುಕಬೇಕಾಯಿತು.

“ಇದ್ರಲ್ಲಿ ಮೊಟ್ಟೆ ಬೇಯಿಸ್ಬಹುದು ಕಣೇ. ಹಸಿ ಸಿಪ್ಪೆ ಕಾವು ಕೂತ್ಕಂಡಿರುತ್ತೆ. ವರ್ಷ ಕೊಳೆತು, ತಣ್ಣಗಾಗಿ, ವಾಸನೆ ಎಲ್ಲ ಬಿಟ್ಟ ಮೇಲೆ ಅದು ಗೊಬ್ಬರ. ಈ ಕಡ್ಡಿಗೆ ಬೇರೇ ಇಲ್ಲ. ಹಲ್ಲು ಬಾರದ ಕೂಸಿನ ಬಾಯಿಗೆ ಬಿರಿಯಾನಿ ತುರುಕಿದ್ದಿ ನೀನು. ಅದ್ರ ಮೇಲೆ ಕೊಡಗಟ್ಟಲೆ ನೀರು. ನೀರು ಎಲ್ಲಿಂದ ಹೋಗ್ಬೇಕು? ಡಬ್ಬಕ್ಕೆ ತೂತು ಎಲ್ಲಿ?”

“ತೂತಾ?”

ಈ ಮಾತು ಕೇಳಿದ್ದೇ ತಡ, ಅಡುಗೆಮನೆಯ ಬಾಗಿಲಲ್ಲಿ ಮರಿಯಂ ಕಾಣಿಸಿಕೊಂಡಳು. ಮರಿಯಂ ಮೊಹಿದ್ದೀನನ ತಾಯಿ. ಅಂಗಡಿ ಮಗನ ಹೆಸರಲ್ಲಿತ್ತು. ಮನೆ, ಜಗಲಿ, ಜಗಲಿಯ ಮೇಲಿನ ಬಿಸಿಲು ಎಲ್ಲ ಅವಳ ಹೆಸರಲ್ಲಿತ್ತು.

“ತೂತು ಗೀತು ಎಲ್ಲ ಆಗ್ಲಿಕ್ಕಿಲ್ಲ,” ಎಂದಳು. “ಸ್ನಾನದ ನೀರಿಗೆ ಇಟ್ಟ ಡಬ್ಬ ಅದು. ತೂತು ಬಿದ್ದ ಡಬ್ಬ ಯಾರಿಗೆ ಬೇಕು?”

“ಮಲ್ಲಿಗೆಗೆ ಬೇಕು ಸಾವ್ಕಾರ್ತಿ.”

“ಮಲ್ಲಿಗೆ ಸ್ನಾನ ಮಾಡುದಿಲ್ಲ. ನಾನು ಮಾಡ್ತೇನೆ. ಮಳೆ ಹಿಡಿಯುವವರೆಗೆ ಜಗಲಿಯ ಆ ಮೂಲೆ ಇವಳಿಗೆ. ಅಷ್ಟರೊಳಗೆ ಎಂತದೂ ಚಿಗುರದಿದ್ರೆ ಈ ಕಸ ಎಲ್ಲ ಹೊರಗೆ. ನನ್ನ ಮೀನಿಗೆ ಜಾಗ ಸಾಲುದಿಲ್ಲ.”

ಹೇಳಿ ಒಳಗೆ ಹೋದಳು. ಆಯಿಷಾ ಬಾಳೆದಿಂಡಿನ ಕಡೆ ನೋಡಿದಳು. ಅದರಲ್ಲಿ ಕೂತ ಕೊನೆಯ ಕಡ್ಡಿ ಅತ್ತೆಯ ಮಾತು ಕೇಳಿಸಿಕೊಂಡು ಇನ್ನಷ್ಟು ಸಣ್ಣಗಾದ ಹಾಗೆ ಕಂಡಿತು.

“ದಿಂಡಿಗೆ ದಿನಾ ಒಂಚೂರು ನೀರು ಚಿಮುಕಿಸ್ತಿರು, ಅಷ್ಟೇ,” ಎಂದು ದ್ಯಾವಮ್ಮ ಎದ್ದಳು. “ಬರೋ ಸಂತೆಗೆ ಬರ್ತೀನಿ. ಡಬ್ಬ ಅವರೇ ಇಟ್ಕಳ್ಲಿ.”

ದ್ಯಾವಮ್ಮ ಎಸ್ಟೇಟಿನ ಕಾಫಿ ನರ್ಸರಿಯಲ್ಲಿ ಮಣ್ಣು ಕಲೆಸುವವಳು. ಅವಳ ಲೆಕ್ಕದಲ್ಲಿ ಕಳಸದಿಂದ ವಸ್ತಾರೆಯವರೆಗೆ ಇರುವ ಕಾಫಿ ಗಿಡಗಳಿಗೆಲ್ಲ ಅವಳೇ ಸೂಲಗಿತ್ತಿ; ಅದರಲ್ಲಿ ಮುಕ್ಕಾಲು ಪಾಲು ಸುಳ್ಳೆಂದು ಬಿಟ್ಟರೂ ಉಳಿದದ್ದು ಕಮ್ಮಿಯೇನಲ್ಲ. ಮುಂದಿನ ಸಂತೆಗೆ ಅವಳು ತಲೆಯ ಮೇಲೊಂದು ಮೂಟೆ, ಕಂಕುಳಲ್ಲೊಂದು ಬಿದಿರಿನ ಬುಟ್ಟಿ ಹೊತ್ತು ಬಂದಳು. ಕಾಫಿ ಸಸಿ ಬೆಳೆಸುವ ಉದ್ದನೆಯ ಬುಟ್ಟಿ ಅದು, ಹೆಣಿಗೆ ಸಡಿಲ, ಮೈಯೆಲ್ಲ ಸಂದು.

“ತಗ. ಇದಕ್ಕೆ ಯಾರೂ ತೂತು ಹೊಡೀಬೇಕಾಗಿಲ್ಲ. ಹುಟ್ಟುವಾಗ್ಲೇ ತೂತು.”

ಜಗಲಿಯ ಮೇಲೆ ಗೋಣಿ ಹಾಸಿ ಮೂಟೆ ಬಿಚ್ಚಿದರು. ಒಂದು ಗಂಟಿನಲ್ಲಿ ಮರದಡಿಯ ಕಪ್ಪು ಕಾಡುಮಣ್ಣು, ಎಲೆ ಕೊಳೆತು ಹುಡಿಯಾದದ್ದು. ಒಂದರಲ್ಲಿ ಹಳ್ಳದ ಮರಳು. ಇನ್ನೊಂದರಲ್ಲಿ ಹಳೇ ಕೊಟ್ಟಿಗೆ ಗೊಬ್ಬರ. ದ್ಯಾವಮ್ಮ ಗೊಬ್ಬರವನ್ನು ಆಯಿಷಾಳ ಮೂಗಿಗೇ ಹಿಡಿದಳು.

“ಎಂಥ ವಾಸನೆ?”

“ವಾಸನೆ ಇಲ್ಲ. ಮಳೆ ಬಿದ್ದ ಮಣ್ಣಿನ ಹಾಗೆ.”

“ಹಾಂ. ದನದ ನೆನಪು ಬಂದ್ರೆ ಇನ್ನೂ ಆಗಿಲ್ಲ ಅಂತ ಲೆಕ್ಕ.”

ಕಾಡುಮಣ್ಣನ್ನು ಜರಡಿ ಹಿಡಿದು ಕಲ್ಲು, ಬೇರು ತೆಗೆದರು. ಮೂರು ಬೊಗಸೆ ಮಣ್ಣಿಗೆ ಎರಡು ಬೊಗಸೆ ಮರಳು, ಒಂದು ಬೊಗಸೆಗೂ ಕಮ್ಮಿ ಗೊಬ್ಬರ. ಬೇರು ಬಂದ ಸಸಿಯಾದರೆ ಗೊಬ್ಬರ ಜಾಸ್ತಿ ಮಾಡಿ ಮರಳು ಕಮ್ಮಿ ಮಾಡಬಹುದು, ಬರೀ ಕಡ್ಡಿಗೆ ಮರಳೇ ಹಾಸಿಗೆ ಎಂದಳು ದ್ಯಾವಮ್ಮ. ಆಯಿಷಾ ನೀರು ಚಿಮುಕಿಸುತ್ತ ಕಲೆಸತೊಡಗಿದಳು. ಹಿಂದಿನ ಚಾಳಿ ಎಲ್ಲಿ ಹೋಗಬೇಕು, ಚೊಂಬು ಬಗ್ಗಿಸಿದ್ದು ಸ್ವಲ್ಪ ಹೆಚ್ಚೇ ಆಯಿತು.

“ಮುಷ್ಟೀಲಿ ಹಿಡಿ. ಉಂಡೆ ಆಗ್ಬೇಕು. ಬೆರಳು ತಾಗ್ಸಿದ್ರೆ ಉದುರ್ಬೇಕು.”

ಆಯಿಷಾ ಹಿಡಿದಳು. ಉಂಡೆಯಾಯಿತು. ಬೆರಳು ತಾಗಿಸಿದರೆ ಉದುರಲಿಲ್ಲ, ಅಂಟಿಕೊಂಡೇ ಕೂತಿತು. ಕೈಯಲ್ಲಿದ್ದದ್ದನ್ನು ನೋಡುತ್ತ ಅವಳು ತನ್ನಷ್ಟಕ್ಕೆ ಅಂದಳು, “ಇದು ಪುಟ್ಟಿನ ಹಿಟ್ಟಿನ ಹದ ಅಲ್ವಾ?”

ಘಟ್ಟದ ಕೆಳಗಿನವರಿಗೆ ಪುಟ್ಟು ಗೊತ್ತು. ಅಕ್ಕಿಹಿಟ್ಟಿಗೆ ನೀರು ಚಿಮುಕಿಸಿ, ಬಿದಿರಿನ ಕೊಳವೆಯಲ್ಲಿ ಕಾಯಿತುರಿಯೊಂದಿಗೆ ತುಂಬಿ ಹಬೆಗಿಡುವುದು. ಹಿಟ್ಟಿಗೆ ನೀರು ಕಮ್ಮಿಯಾದರೆ ಗಂಟಲಿಗೆ ಸಿಕ್ಕುತ್ತದೆ, ಹೆಚ್ಚಾದರೆ ಗೋಡೆಗೆ ಹಚ್ಚಲು ಲಾಯಕ್ಕು. ಆ ಹದದ ವಿಷಯದಲ್ಲಿ ಮರಿಯಂಳ ಮುಂದೆ ಬಾಯಿ ಬಿಡುವ ಹೆಂಗಸು ಮೂಡಿಗೆರೆ ಪೇಟೆಯಲ್ಲಿ ಹುಟ್ಟಿರಲಿಲ್ಲ. ಕೊಳವೆಯ ತಳಕ್ಕೆ ಇಡುವ ಬಿಲ್ಲೆಯನ್ನು ಅವಳು ತಾನು ಮದುವೆಯಾಗಿ ಘಟ್ಟ ಹತ್ತುವಾಗಲೇ ತವರಿನಿಂದ ತಂದಿದ್ದಳು: ತೆಂಗಿನ ಚಿಪ್ಪಿನ ದುಂಡು ಚೂರು, ನಡುವೆ ಒಂದು ತೂತು, ಸುತ್ತ ಹೂವಿನ ಎಸಳಿನಂತೆ ಆರು. ಅದನ್ನು ತೊಳೆಯುವುದು ಸೊಸೆಯ ಕೆಲಸ. ತೊಳೆದಾದ ಮೇಲೆ ತಿರುಗಿಸಿ ನೋಡುವುದು ಅತ್ತೆಯ ಕೆಲಸ.

ಒಳಗಿನಿಂದ ಮರಿಯಂ ಬಂದಳು. ಜಗಲಿಯಲ್ಲಿ ಒಣಹಾಕಿದ್ದ ಮೀನು ಮಗುಚಲು ಬಂದವಳ ಹಾಗೆ ನಾಲ್ಕು ಮೀನು ಮಗುಚಿದಳು. ಆಮೇಲೆ ತಡೆಯಲಾರದೆ ಬಗ್ಗಿ, ಗೋಣಿಯ ಮೇಲಿನ ಮಣ್ಣನ್ನು ಒಂದು ಹಿಡಿ ತೆಗೆದು ಒತ್ತಿದಳು.

“ಇದು ಪುಟ್ಟಿನ ಹದವಾ? ಇದು ಗಂಜಿ. ನನ್ನ ಮನೆಯಲ್ಲಿ ಇದ್ದುಕೊಂಡು ಹೀಗೆ ಕಲೆಸಿದ್ರೆ ಊರವರು ನನ್ನನ್ನೇ ಆಡಿಕೊಳ್ತಾರೆ.”

ಒಣ ಮಣ್ಣು ಎರಡು ಬೊಗಸೆ ಎಳೆದುಕೊಂಡು, ಮೇಲೊಂದು ಹಿಡಿ ಮರಳು ಉದುರಿಸಿ, ಬೆರಳ ತುದಿಯಲ್ಲಿ ಬಿಡಿಸಿ ಬಿಡಿಸಿ ಉಜ್ಜಿದಳು. ಮುಷ್ಟಿ ಹಿಡಿದಳು, ಉಂಡೆ. ತಟ್ಟಿದಳು, ಹುಡಿ.

“ಸಾವ್ಕಾರ್ತಿ, ನೀವು ನರ್ಸರಿಗೆ ಬಂದ್ರೆ ಮೇಸ್ತ್ರಿ ನನ್ನನ್ನ ಓಡಿಸ್ತಾನೆ,” ಎಂದಳು ದ್ಯಾವಮ್ಮ. “ಒಂದು ಮಾತು ಕೇಳ್ತೀನಿ. ತಳದಲ್ಲಿ ತೂತಿಲ್ದೆ ಪುಟ್ಟು ಬೇಯುತ್ತಾ?”

ಮರಿಯಂ ಎದ್ದು ನಿಂತಳು. ಕೈ ತೊಳೆದು, ರಾಡಿ ಚೆಲ್ಲಿಟ್ಟಿದ್ದ ಡಬ್ಬವನ್ನು ಬಗಲಿಗಿಟ್ಟುಕೊಂಡು ಒಳಗೆ ಹೋದಳು.

ಬುಟ್ಟಿಯ ತಳಕ್ಕೆ ಒಣ ಎಲೆ ಹಾಸಿ ಮಣ್ಣು ತುಂಬಿದರು. ಒತ್ತಿ ತುಂಬಲು ಹೋದ ಆಯಿಷಾಳ ಕೈಗೆ ದ್ಯಾವಮ್ಮ ಒಂದು ಕೊಟ್ಟಳು. ಬುಟ್ಟಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರೆ ಮಣ್ಣು ತಾನೇ ಕೂರುತ್ತದೆ. ಕಡ್ಡಿ ನೆಟ್ಟರು. ಆಗ ಆಯಿಷಾ ಕೇಳಿದಳು, “ಅಜ್ಜಿ, ಊರುಗೋಲಿನದ್ದು ಯಾವ ಅರ್ಧ ಸುಳ್ಳು?”

“ಕೋಲು ಚಿಗುರಿದ್ದು ಖರೆ. ಟೀ ಕುಡಿಯೋ ಹೊತ್ತಲ್ಲ, ಮಳೆಗಾಲ ಒಂದು ಕಳೀತು. ದೊರೆದೂ ಅಲ್ಲ, ದೊರೆ ಗದ್ದೆ ಕಾಯೋನದು. ಅದೂ ಹಾಲುವಾಣದ ಕೋಲು. ಹಾಲುವಾಣ ಬಂಡೆ ಮೇಲೆ ಇಟ್ರೂ ಚಿಗುರುತ್ತೆ.”

“ಹಾಗಾದ್ರೆ ಅರ್ಧ ಅಲ್ಲ, ಪೂರ್ತಿ ಸುಳ್ಳೇ.”

“ಮಣ್ಣು ನಂದೇ ಅಲ್ವನೇ?”

ದಿನಗಳು ಹೋದವು. ಆಯಿಷಾ ಬೆಳಿಗ್ಗೆ ಎದ್ದು ಮೊದಲು ಬುಟ್ಟಿ ನೋಡುತ್ತಿದ್ದಳು, ಆಮೇಲೆ ಗಂಡನ ಮುಖ. ಮೊಹಿದ್ದೀನ್ ಇದರಿಂದ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಅವನೂ ಮೊದಲು ಬುಟ್ಟಿಯನ್ನೇ ನೋಡುತ್ತಿದ್ದ. ಮಣ್ಣಿಗೆ ಬೆರಳಿಟ್ಟು, ಒಣಗಿದ್ದರೆ ಮಾತ್ರ ನೀರು ಎಂದು ಅಜ್ಜಿ ಹೇಳಿಹೋಗಿದ್ದಳು. ನೀರಿನ ಚೊಂಬು ಕಂಡರೆ ಆಯಿಷಾಳ ಕೈ ಕಡಿಯುತ್ತಿತ್ತು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದಳು. ಹೂಮಳೆ ಬಿದ್ದು ಸುತ್ತಿನ ಗುಡ್ಡಗಳೆಲ್ಲ ಕಾಫಿ ಹೂವಿನಿಂದ ಬೆಳ್ಳಗಾದವು. ಪೇಟೆಯ ನಾಯಿಗಳೂ ಘಮಘಮ ಅನ್ನುವಂಥ ದಿನಗಳು. ಕಡ್ಡಿ ಮಾತ್ರ ಹಾಗೇ ನಿಂತಿತ್ತು. ಆ ಗದ್ದಲವೆಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ, ಕಡ್ಡಿಯ ಗಂಟಿನಲ್ಲಿ ಅಕ್ಕಿಯ ನುಚ್ಚಿನಷ್ಟು ಹಸಿರು ಕಾಣಿಸಿತು.

ಆಯಿಷಾ ಕೂಗಲಿಲ್ಲ. ಕೂಗಿದರೆ ಎಲ್ಲಿ ಒಳಗೆ ಹೋಗಿಬಿಡುತ್ತದೋ ಎಂದು ಬಾಯಿ ಮುಚ್ಚಿಕೊಂಡಳು. ಮರಿಯಂ ಬಂದು, ಬಗ್ಗಿ ನೋಡಿ, “ಹೂಂ,” ಎಂದು ಹೋದಳು. ಜಗಲಿಯ ಮೂಲೆಯ ಮಾತು ಮತ್ತೆ ಎತ್ತಲಿಲ್ಲ.

ಆದರೆ ಮಳೆ ಹಿಡಿಯಿತು. ಮೂಡಿಗೆರೆಯ ಮಳೆಗೆ ಕಬ್ಬಿಣವೇ ಕರಗುತ್ತದೆ, ಬಿದಿರು ಯಾವ ಲೆಕ್ಕ. ಸೂರಿನ ಕೆಳಗೆ ಸರಿಸಿಟ್ಟರೂ ಎರಚಲು ಹೊಡೆದು ಬುಟ್ಟಿಯ ತಳ ಮೆತ್ತಗಾಯಿತು. ಸಂದುಗಳಿಂದ ಬೆಳ್ಳನೆ ಬೇರು ಇಣುಕತೊಡಗಿದವು. ಎತ್ತಿದರೆ ಎಲ್ಲ ಕುಸಿದು ಕೈಗೆ ಬರುವ ಸ್ಥಿತಿ. ಆ ಪುಟ್ಟ ಗಿಡಕ್ಕೆ ಬೇಗ ಬೇರೆ ಮನೆ ಬೇಕಿತ್ತು, ಗಟ್ಟಿ ಮನೆ, ತಳ ತೂತಿನ ಮನೆ. ಮನೆಯಲ್ಲಿದ್ದದ್ದು ಅದೊಂದೇ ಡಬ್ಬ.

ಆಯಿಷಾ ರಾತ್ರಿ ಗಂಡನಿಗೆ ಹೇಳಿದಳು. ಮೊಹಿದ್ದೀನ್ ಹೊದಿಕೆಯೊಳಗಿನಿಂದ, “ಉಮ್ಮನ ಡಬ್ಬಕ್ಕಾ? ನಾನಾ?” ಎಂದು ಮುಸುಕೆಳೆದುಕೊಂಡ. ಬೆಳಿಗ್ಗೆ ತಾನೇ ಕೇಳುವುದೆಂದು ಗಟ್ಟಿಮನಸ್ಸು ಮಾಡಿ ಆಯಿಷಾ ಜಗಲಿಗೆ ಬಂದಳು. ಡಬ್ಬ ಬುಟ್ಟಿಯ ಪಕ್ಕದಲ್ಲಿ ಬೋರಲು ಬಿದ್ದಿತ್ತು.

ಸಂತೆಯ ದಿನ ದ್ಯಾವಮ್ಮ ಕಂಬಳಿಕೊಪ್ಪೆಯಿಂದ ನೀರಿಳಿಸುತ್ತ ಬಂದಾಗ, ಗಿಡಕ್ಕೆ ಹೊಸ ಮಣ್ಣು ಕಲೆಸಿಟ್ಟಾಗಿತ್ತು, ಈ ಸಲ ಗೊಬ್ಬರ ಸ್ವಲ್ಪ ಹೆಚ್ಚು. ನೆಡಲು ಅಜ್ಜಿಗಾಗಿ ಕಾದಿದ್ದರು. ಆಯಿಷಾ ಡಬ್ಬವನ್ನು ಬೋರಲು ಮಾಡಿ ಅವಳ ಮಡಿಲಿಗಿಟ್ಟಳು. ದ್ಯಾವಮ್ಮ ತಳದ ಮೇಲೆ ಬೆರಳಾಡಿಸಿದಳು. ನಡುವೆ ಒಂದು ತೂತು. ಸುತ್ತ, ಅಳತೆ ಇಟ್ಟು ಹೊಡೆದ ಹಾಗೆ, ಹೂವಿನ ಎಸಳಿನಂತೆ ಆರು.

ಅಡುಗೆಮನೆಯಿಂದ ಪುಟ್ಟಿನ ಹಬೆ ಬರುತ್ತಿತ್ತು. ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು.

“ಕೇಳಿದೆಯಾ ಯಾರನ್ನಾದ್ರೂ?”

“ಕೇಳಿದೆ. ಇಲಿ ಕೊರೆದಿರ್ಬೇಕು ಅಂದ್ರು ಮಾಮಿ,” ಆಯಿಷಾ ಒಳಗಿದ್ದ ಅತ್ತೆಯ ಕಡೆ ಕಣ್ಣು ಹಾಯಿಸಿದಳು.

“ನಮ್ಮ ಕಡೆ ಇಲಿಗಳು ಇಷ್ಟು ನೀಟಾಗಿ ಕೊರೆಯಲ್ಲ,” ಎಂದಳು ದ್ಯಾವಮ್ಮ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ. “ನಾನಂತೂ ಅಲ್ಲ, ನಾನು ಈಗ ಬಂದೋಳು. ನಿನ್ನ ಗಂಡನೂ ಅಲ್ಲ, ಅವನು ಮೊಳೆ ಹೊಡೆದಿದ್ರೆ ಹೆಬ್ಬೆಟ್ಟು ಹಲಸಿನಕಾಯಿ ಆಗಿರ್ತಿತ್ತು. ಆ ಪುಟ್ಟಿನ ಬಿಲ್ಲೆ ದಿನಾ ತೊಳೆಯೋಳು ನೀನು. ಈಗ ನೀನೇ ಹೇಳು ನೋಡನ, ಯಾರು?”